ವರ್ಚುವಲ್‌ಬಾಕ್ಸಿನ ಹಸಿರು ಆಮೆ ತೊಲಗಿದ್ದು ಹೀಗೆ

ಹಾಸನದಲ್ಲಿ ಓದುತ್ತಿರುವ ತಮ್ಮನ ಲ್ಯಾಪ್‌ಟಾಪ್‌ಗೆ ಕಂಟೇನರ್ (ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಪೊಟ್ಟಣ) ನಡೆಸುವ ಸಾಫ್ಟ್‌ವೇರ್ ಹಾಕಿದ ಮೇಲೆ ವರ್ಚುವಲ್‌ಬಾಕ್ಸಿನ ಉಬುಂಟು (ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡುವ ಲಿನಕ್ಸ್) ಕೈಕೊಟ್ಟಿತು. ಬೂಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಉಬುಂಟುವನ್ನೇ ಮತ್ತೆ ಹಾಕೋಣ ಅಂದ. ಸುಮ್ನೆ ಯಾಕೆ, ತಡಿ ಅಂದೆ.

ವಿಂಡೋದ ಕೆಳಗಿನ ಪಟ್ಟಿಯಲ್ಲಿ ಪುಟ್ಟ ಹಸಿರು ಆಮೆ ಕೂತಿತ್ತು. ಅದು ಕಂಡರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ವಿಂಡೋಸಿನದೇ ಆದ ಹೈಪರ್-ವಿ ಕೈಯಲ್ಲಿದೆ ಎಂದರ್ಥ. ಹೊಸ ಸಾಫ್ಟ್‌ವೇರಿಗಾಗಿ ಹೈಪರ್-ವಿ ಆನ್ ಆಗಿತ್ತು.

ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಬೂಟ್ ಸೆಟ್ಟಿಂಗ್ ಬದಲಿಸುವ ಬಿಸಿಡಿಎಡಿಟ್ ಮೂಲಕ, ಹೈಪರ್-ವಿ ಶುರುವಾಗಬೇಕೇ ಎಂದು ಹೇಳುವ ‘ಹೈಪರ್‌ವೈಸರ್‌ಲಾಂಚ್‌ಟೈಪ್’ ಆಫ್ ಮಾಡಿದೆ. ಆಮೆ ಕದಲಲಿಲ್ಲ! ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿಯೂ ಆನ್ ಇತ್ತು. ಅದೂ ಹೈಪರ್-ವಿಯನ್ನೇ ಬಳಸುತ್ತದೆ. ಭದ್ರತೆಗೆ ಇರುವಂಥದ್ದು, ಆರಿಸಲು ಮನಸ್ಸಿರಲಿಲ್ಲ. ಆದರೂ ಆರಿಸಿ ರೀಸ್ಟಾರ್ಟ್ ಕೊಟ್ಟೆ. ಬರೀ ಶಟ್‌ಡೌನ್ ಸಾಲದು, ಫಾಸ್ಟ್ ಸ್ಟಾರ್ಟಪ್ ಇದ್ದರೆ ಹಳೆಯ ಸ್ಥಿತಿಯೇ ಎದ್ದು ಬರುತ್ತದೆ.

ಈಗ ಉಬುಂಟು ಸಲೀಸಾಗಿ ಓಡುತ್ತಿದೆ. ಕಂಟೇನರ್ ಬೇಕಾದಾಗ ಬಿಸಿಡಿಎಡಿಟ್‌ನ ಅದೇ ಸೆಟ್ಟಿಂಗನ್ನು ‘ಆಟೋ’ ಮಾಡಿ ರೀಸ್ಟಾರ್ಟ್ ಮಾಡಬೇಕು ಅಷ್ಟೇ.