ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರ್ ಗಾಲಿಗೆ ಹಿಡಿತ: ನನ್ನ ಅನುಭವ

2018ರ ಜುಲೈನಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು. ಅದರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಓಡುತ್ತಿದ್ದ ಆ ದಿನಗಳಲ್ಲೇ ನಾನು ಟ್ರ್ಯಾಕ್ಟರ್ ತಂದೆ. ಹಳೆಯ ಗಾಡಿ, 42 ಎಚ್‌ಪಿ, ಹಿಂದಿನ ಎರಡು ಗಾಲಿಗೆ ಮಾತ್ರ ಎಂಜಿನ್ ಬಲ ಹೋಗುವಂಥದ್ದು. ಹಿಂದಿನ ಟೈರು 13.6-28 ಅಳತೆಯದು. ಪಾಂಡವಪುರದ ಕಡೆ ಉಪನಾಲೆಯ ಕೆಳಗೆ ನಮಗೆ ಎರಡು ಎಕರೆ ಗದ್ದೆ ಇದೆ. ಅದನ್ನು ಕಲಸಿ ಮುಗಿಸಿ, ಆಮೇಲೆ ಊರವರ ಗದ್ದೆಗೆ ಗಂಟೆ ಲೆಕ್ಕದಲ್ಲಿ ಹೋಗಬೇಕೆಂದುಕೊಂಡಿದ್ದೆ. ಮೂರನೆಯ ದಿನ ನಮ್ಮದೇ ಗದ್ದೆಯ ಕೆಳಗಿನ ಮಡಿಯಲ್ಲಿ ಗಾಡಿ ಹೂತಿತು. ಗಾಲಿ ಅರ್ಧ ಮುಳುಗಿದ್ದರೆ ಹೇಗೋ ನೋಡಬಹುದಿತ್ತು, ಇಲ್ಲಿ ಆಕ್ಸಲ್ಲೇ ಕೆಸರಿನ ಮೇಲೆ ಹೊಟ್ಟೆಯೂರಿ ಕೂತಿತ್ತು.

ಬದುವಿನ ಮೇಲೆ ಹತ್ತು ಜನ ಸೇರಿದರು, ಹನ್ನೊಂದು ಸಲಹೆ ಬಂದವು. ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಸು ಎಂಬುದು ಎಲ್ಲರಿಗೂ ಒಪ್ಪಿಗೆಯಾಯಿತು. ಕಟ್ಟಿದೆವು. ಲೋ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ದಿಮ್ಮಿ ಕೆಸರಿನಲ್ಲಿ ಕಚ್ಚಿಕೊಂಡು ಗಾಲಿ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಗಾಲಿ ತಿರುಗಲಾರದೆ ಹೋದಾಗ ಎಂಜಿನ್ನು ಗಾಡಿಯನ್ನೇ ಆಕ್ಸಲ್ಲಿನ ಸುತ್ತ ತಿರುಗಿಸುತ್ತದೆ ಎಂಬುದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಮುಂದಿನ ಗಾಲಿಗಳು ಮೊಳದೆತ್ತರ ಎದ್ದವು, ಸ್ಟೀರಿಂಗಿನ ಮೇಲೆ ಆಕಾಶ ಕಂಡಿತು. ಕಾಲು ತಾನಾಗಿಯೇ ಕ್ಲಚ್ ಒತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೀಗೆ ಹಿಮ್ಮಗುಚಲು ಎರಡು ಸೆಕೆಂಡೂ ಬೇಡ. ಯೋಚಿಸಿ ಕ್ಲಚ್ ತುಳಿಯುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ನಮ್ಮ ಕಡೆ ಈಗಲೂ ಜನ ದಿಮ್ಮಿ ಕಟ್ಟುತ್ತಾರೆ. ನಾನು ಕಂಡಲ್ಲೆಲ್ಲ ಬಿಚ್ಚಿಸುತ್ತೇನೆ, ಬೈಗುಳವನ್ನೂ ತಿನ್ನುತ್ತೇನೆ.

ಕೊನೆಗೆ ಗಾಡಿ ಹೊರಗೆ ಬಂದದ್ದು ಹಿಂದಕ್ಕೆ. ಕಲ್ಟಿವೇಟರ್ ಕಳಚಿಟ್ಟು, ಗಾಲಿಯ ಹಿಂದಿನ ಕೆಸರನ್ನು ಗುದ್ದಲಿಯಿಂದ ಇಳಿಜಾರಾಗಿ ತೆಗೆದು, ಡಿಫ್ ಲಾಕ್ (ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವ ಪೆಡಲು) ಒತ್ತಿ ನಿಧಾನವಾಗಿ ರಿವರ್ಸ್ ತೆಗೆದಾಗ, ಬಂದ ದಾರಿಯಲ್ಲೇ ಏರಿ ಬಂತು. ಡಿಫ್ ಲಾಕನ್ನು ಗಾಲಿ ಸುತ್ತಲು ಶುರುವಾಗುವ ಮೊದಲೇ ಒತ್ತಬೇಕು. ಒಂದು ಗಾಲಿ ಬುಗುರಿಯಂತೆ ಸುತ್ತುತ್ತಿರುವಾಗ ಒತ್ತಿದರೆ ಒಳಗಿನ ಹಲ್ಲು ಮುರಿಯಬಹುದು. ಒತ್ತಿರುವಾಗ ತಿರುವು ತೆಗೆದುಕೊಳ್ಳಬಾರದು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಗಾಡಿ ಹಗುರವಾದ್ದರಿಂದ ಜಾರುತ್ತಿದೆ, ಟೈರಿಗೆ ನೀರು ತುಂಬಿಸು ಎಂದು ಪಂಕ್ಚರ್ ಅಂಗಡಿಯವರು ಹೇಳಿದರು. ತುಂಬುವ ಕ್ರಮ ಸುಲಭ. ಗಾಲಿಯನ್ನು ಜಾಕಿನ ಮೇಲೆ ಎತ್ತಿ, ವಾಲ್ವ್ ನೆತ್ತಿಗೆ ಬರುವಂತೆ ತಿರುಗಿಸಿ, ಪಿನ್ನು ತೆಗೆದು ಪೈಪಿನಿಂದ ನೀರು ಬಿಡುವುದು. ವಾಲ್ವಿನಿಂದ ನೀರು ಉಕ್ಕಿದಾಗ ಮುಕ್ಕಾಲು ಪಾಲು ತುಂಬಿದೆ ಎಂದರ್ಥ, ಉಳಿದ ಜಾಗಕ್ಕೆ ಗಾಳಿ. ನಮ್ಮ ಅಳತೆಯ ಟೈರಿಗೆ ನೂರೈವತ್ತು ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಎರಡೂ ಸೇರಿ ಮುನ್ನೂರು ಕಿಲೋ ದಾಟುತ್ತದೆ. ಒಣ ಹೊಲದಲ್ಲಿ ಉಳುವಾಗ ಅದು ಬೇರೆಯೇ ಗಾಡಿಯಾಯಿತು. ಕಬ್ಬಿನ ಲೋಡು ಎಳೆಯುವಾಗಲೂ ಅಷ್ಟೇ. ಬೀಗುತ್ತ ಗದ್ದೆಗೆ ಇಳಿದೆ. ಹೋದ ಸಲಕ್ಕಿಂತ ಹತ್ತು ಅಡಿ ಮೊದಲೇ ಹೂತಿತು.

ಆ ರಾತ್ರಿ ಫೋನಿನಲ್ಲಿ ನನ್ನ ಗೋಳು ಕೇಳಿದವನು ಹೆಂಡತಿಯ ತಮ್ಮ. ಸೈನ್ಯದಲ್ಲಿದ್ದಾನೆ, ಆಗ ಲಡಾಖಿನಲ್ಲಿದ್ದ. ಅಲ್ಲಿ ಲಾರಿಯ ಗಾಲಿಗಳಿಗೆ ಕಬ್ಬಿಣದ ಚೈನು ಸುತ್ತಿ ಓಡಿಸುತ್ತಾರಂತೆ. ನಮ್ಮ ಗಾಲಿಗೂ ಸುತ್ತಿದರೆ ಹೇಗೆ ಎಂದು ಕೇಳಿದೆ. ಅವನು ನಕ್ಕ.

“ಭಾವ, ಚೈನು ಗಟ್ಟಿ ಮಂಜುಗಡ್ಡೆಯನ್ನು ಕಚ್ಚುತ್ತದೆ. ಮೆತ್ತಗಿನ ಹಿಮ ಆಳವಾಗಿದ್ದರೆ ಅದು ಗುಂಡಿ ತೋಡುತ್ತದೆ ಅಷ್ಟೇ. ಅಂಥಲ್ಲಿಗೆ ಯುದ್ಧ ಟ್ಯಾಂಕಿನಂತೆ ಪಟ್ಟಿಯ ಮೇಲೆ ಓಡುವ ಗಾಡಿಯೇ ಬೇಕು. ಹಿಮ ಎಷ್ಟು ಆಳ ಇದೆ, ಅದರ ಕೆಳಗೆ ಏನಿದೆ ಎಂದು ಮೊದಲು ನೋಡಿಕೊಳ್ಳಿ.”

ಹಿಮದ ಮಾತು ಕೇಳಿ ಗದ್ದೆಗೆ ಹೋದವನು ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬೆಳಿಗ್ಗೆ ಹಾರೆ ಹಿಡಿದು ಮಡಿಯಿಂದ ಮಡಿಗೆ ನಡೆದು ಚುಚ್ಚಿದೆ. ಮೇಲಿನ ನಾಲ್ಕು ಮಡಿಗಳಲ್ಲಿ ಒಂದು ಗೇಣು ಇಳಿದ ಕೂಡಲೇ ಹಾರೆ ‘ಠಕ್’ ಎಂದು ನಿಂತಿತು. ವರ್ಷಾನುವರ್ಷ ಕಲಸಿ, ತುಳಿದು ಆದ ಗಟ್ಟಿ ಪದರ ಅದು. ನೀರು ಗದ್ದೆಯಲ್ಲಿ ನಿಲ್ಲುವುದೂ ಅದರಿಂದಲೇ. ಕೆಳಗಿನ ಮಡಿಯಲ್ಲಿ ಹಾರೆ ಮೊಳದಾಚೆಗೂ ಇಳಿಯಿತು, ಮೇಲೆತ್ತುವಾಗ ‘ಪುಸ್’ ಎಂದಿತು. ಉಪನಾಲೆಯ ಸೋರಿಕೆ ನೀರು ವರ್ಷವಿಡೀ ಊರಿ ಅಲ್ಲಿ ಜೌಗು ಹಿಡಿದಿತ್ತು. ಗದ್ದೆ ಒಂದೇ, ಕಾಯಿಲೆ ಎರಡು. ನಾನು ಎರಡಕ್ಕೂ ಒಂದೇ ಗುಳಿಗೆ ಕೊಟ್ಟಿದ್ದೆ.

ಒಣ ಮಣ್ಣಿನಲ್ಲಿ ಹಿಡಿತ ಬರುವುದು ಉಜ್ಜುವಿಕೆಯಿಂದ. ಅಲ್ಲಿ ಗಾಲಿಯ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ನೀರು ಕುಡಿದ ಜೇಡಿಯಲ್ಲಿ ಉಜ್ಜುವಿಕೆ ಇಲ್ಲವೆನ್ನುವಷ್ಟು ಕಡಿಮೆ, ಮಣ್ಣಿನ ಅಂಟೇ ಆಧಾರ. ಅಂಟು ಸಿಗಬೇಕಾದರೆ ಗಾಲಿ ಹೆಚ್ಚು ಜಾಗ ಮುಟ್ಟಬೇಕು. ಭಾರ ಹೇರಿದರೆ ಅದು ಮುಳುಗುತ್ತದೆ, ಬೇರೇನೂ ಆಗುವುದಿಲ್ಲ. ವಾಲ್ವನ್ನು ಕೆಳಕ್ಕೆ ತಿರುಗಿಸಿ ನೀರನ್ನೆಲ್ಲ ಬಸಿದೆ.

ಮುಂದಿನ ಬದಲಾವಣೆಗಳನ್ನು ಊಹೆಯ ಮೇಲೆ ಮಾಡಬಾರದೆಂದು ಅಳೆಯತೊಡಗಿದೆ. ಟೈರಿನ ಪಕ್ಕಕ್ಕೆ ಸುಣ್ಣದಿಂದ ಒಂದು ಗೀಟು. ಗಟ್ಟಿ ನೆಲದಲ್ಲಿ ಖಾಲಿ ಓಡಿಸಿದಾಗ ಹತ್ತು ಸುತ್ತಿಗೆ 39 ಮೀಟರ್ ಬಂತು. ಮಗಳು ಬದುವಿನ ಮೇಲೆ ನಡೆಯುತ್ತ ಗೀಟು ಮೇಲೆ ಬಂದಾಗಲೆಲ್ಲ ಗಟ್ಟಿಯಾಗಿ ಎಣಿಸಿದಳು, ನಾನು ಆಮೇಲೆ ಟೇಪು ಹಿಡಿದೆ. ಮೇಲಿನ ಮಡಿಯ ಕೆಸರಿನಲ್ಲಿ ಕಲ್ಟಿವೇಟರ್ ಇಳಿಸಿ ಹೋದಾಗ ಹತ್ತು ಸುತ್ತಿಗೆ 24 ಮೀಟರ್. ಅಂದರೆ ನೂರಕ್ಕೆ 38 ಪಾಲು ಗಾಲಿ ಸುಮ್ಮನೆ ಸುತ್ತಿದೆ, ಅಷ್ಟು ಡೀಸೆಲ್ ಕೆಸರನ್ನು ಕಡೆಯಲು ಹೋಗಿದೆ. ಗಟ್ಟಿ ಹೊಲದಲ್ಲಿ ಹತ್ತರಿಂದ ಹದಿನೈದು ಜಾರಿದರೆ ಸರಿ, ಅದಕ್ಕಿಂತ ಕಡಿಮೆ ಬಂದರೆ ಗಾಡಿಗೆ ಅನಗತ್ಯ ಭಾರವಿದೆ ಎಂದೇ ಅರ್ಥ. ಈ ಅಳತೆಯನ್ನು ರೋಟವೇಟರ್ ಹಾಕಿಕೊಂಡು ಮಾಡಬೇಡಿ. ಅದರ ಕತ್ತಿಗಳು ಗಾಲಿ ತಿರುಗುವ ಕಡೆಗೇ ತಿರುಗಿ ಗಾಡಿಯನ್ನು ಮುಂದಕ್ಕೆ ನೂಕುತ್ತವೆ. ಜಾರುವುದೇ ಇಲ್ಲವೇನೋ ಅನ್ನಿಸುತ್ತದೆ. ಬದುವಿನ ಹತ್ತಿರ ಅದನ್ನು ಎತ್ತಿದ ಕ್ಷಣ ಬಣ್ಣ ಬಯಲಾಗುತ್ತದೆ.

ಮೊದಲು ಮುಟ್ಟಿದ್ದು ಗಾಳಿಯನ್ನು, ಏಕೆಂದರೆ ಅದಕ್ಕೆ ಕಾಸಿಲ್ಲ. ಕಬ್ಬಿನ ಲೋಡಿಗೆಂದು ಬಿಗಿಯಾಗಿ ತುಂಬಿಸಿದ್ದ ಗಾಳಿಯನ್ನು ಗದ್ದೆಗೆ 12 ಪೌಂಡಿಗೆ ಇಳಿಸಿದೆ, ಟೈರು ಅಗಲವಾಗಿ ಕೂತಿತು. ಇನ್ನಷ್ಟು ಅಗಲ ಸಿಗಲಿ ಎಂಬ ಆಸೆಗೆ 8ಕ್ಕೆ ಇಳಿಸಿದಾಗ ರಿಮ್ಮು ಒಳಗೇ ಜಾರಿ, ಟ್ಯೂಬಿನ ವಾಲ್ವ್ ಬುಡಸಮೇತ ಕಿತ್ತುಬಂತು. ಟೈರಿನ ಹಲ್ಲುಗಳ ದಿಕ್ಕನ್ನೂ ಆಗ ಗಮನಿಸಿದೆ. ಅವು ಬಾಣದ ಆಕಾರದಲ್ಲಿರುತ್ತವೆ, ಆ ಬಾಣದ ಮೊನೆ ನೆಲವನ್ನು ಮೊದಲು ಮುಟ್ಟಿದರೆ ಕೆಸರು ನಡುವಿನಿಂದ ಅಂಚಿಗೆ ಜಾರಿ ಉದುರುತ್ತದೆ. ಹಿಂದಿನ ಮಾಲೀಕರು ಎಡಗಡೆಯದನ್ನು ತಿರುವುಮುರುವಾಗಿ ಹಾಕಿಸಿದ್ದರು. ಭತ್ತದ ಗದ್ದೆಗೆಂದೇ ಮಾಮೂಲಿಗಿಂತ ಸುಮಾರು ಎರಡರಷ್ಟು ಆಳದ ಹಲ್ಲಿನ ಟೈರು ಬರುತ್ತದೆ. ಆದರೆ ನನ್ನ ಗಾಡಿ ಅರ್ಧ ವರ್ಷ ಡಾಂಬರಿನ ಮೇಲೆ ಕಬ್ಬು ಎಳೆಯುತ್ತದೆ, ಆ ಹಲ್ಲು ಅಲ್ಲಿ ಬೇಗ ಸವೆಯುತ್ತದೆ. ತೆಗೆದುಕೊಳ್ಳಲಿಲ್ಲ.

ನಿಜವಾದ ವ್ಯತ್ಯಾಸ ತಂದದ್ದು ಕೇಜ್ ವೀಲ್, ಅಂದರೆ ಅಡ್ಡಪಟ್ಟಿ ಬೆಸೆದ ಕಬ್ಬಿಣದ ಪಂಜರದಂಥ ಗಾಲಿ. ಟೈರು ಬಿಚ್ಚಿ ಅದರ ಜಾಗಕ್ಕೆ ಹಾಕುವ ಪೂರ್ತಿ ಕೇಜ್ ಒಂದು ಬಗೆ, ಟೈರಿನ ಪಕ್ಕಕ್ಕೆ ಬೋಲ್ಟ್ ಮಾಡುವ ಅರ್ಧ ಕೇಜ್ ಇನ್ನೊಂದು. ದಿನಕ್ಕೆ ಮೂರು ಕಡೆ ಹೋಗುವವನಿಗೆ ಅರ್ಧ ಕೇಜೇ ಸರಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಮೊದಲ ಜೊತೆ ಟೈರಿನಷ್ಟೇ ಎತ್ತರವಿತ್ತು. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಊರಿನ ಹೊಸ ಡಾಂಬರಿನ ಮೇಲೆ ಹಲ್ಲಿನ ಸಾಲು ಮೂಡಿಸಿಕೊಂಡು ಬಂದೆ. ಪಂಚಾಯಿತಿಯವರು ಏನೆಂದರು ಎಂಬುದನ್ನು ಇಲ್ಲಿ ಬರೆಯಲಾಗದು. ವಾಪಸು ಒಯ್ದು ಸುತ್ತಲೂ ಎರಡಿಂಚು ಕತ್ತರಿಸಿ, ಪಟ್ಟಿಗಳನ್ನು ಓರೆಯಾಗಿ ಕೂರಿಸಿದೆವು. ಈಗ ಗಟ್ಟಿ ನೆಲದಲ್ಲಿ ಕೇಜ್ ಗಾಳಿಯಲ್ಲಿರುತ್ತದೆ, ಟೈರು ಕೆಸರಿಗೆ ಇಳಿದಾಗ ಮಾತ್ರ ಅದು ನೆಲ ಮುಟ್ಟಿ ಭಾರ ಹಂಚಿಕೊಳ್ಳುತ್ತದೆ. ಓರೆ ಪಟ್ಟಿಯ ನಡುವೆ ಕೆಸರು ಮುದ್ದೆ ಕಟ್ಟುವುದೂ ಕಡಿಮೆ. ಅದೇ ಮಡಿಯಲ್ಲಿ ಹತ್ತು ಸುತ್ತಿಗೆ 31 ಮೀಟರ್ ಬಂತು. ಹಾಗಿದ್ದೂ ಡಾಂಬರಿಗೆ ಹತ್ತುವ ಮುಂಚೆ ಬಿಚ್ಚಿ ಟ್ರೇಲರಿಗೆ ಹಾಕಿಕೊಳ್ಳುತ್ತೇನೆ. ಕೇಜ್ ಹೊರಗೆ ಚಾಚಿಕೊಂಡಿರುವುದರಿಂದ ಆಕ್ಸಲ್ಲಿನ ಬೇರಿಂಗಿನ ಮೇಲೆ ಒತ್ತಡ ಬೀಳುತ್ತದೆ. ಮೂರನೆಯ ಹಂಗಾಮಿಗೆ ಆಯಿಲ್ ಸೀಲು ಸೋರತೊಡಗಿ ಬದಲಿಸಬೇಕಾಯಿತು.

ಮುಂದಿನ ಸಣ್ಣ ಗಾಲಿಗಳು ಕೆಸರಿನಲ್ಲಿ ತಿರುಗುವುದಿಲ್ಲ, ನೇಗಿಲಿನಂತೆ ಸೀಳಿಕೊಂಡು ಹೋಗುತ್ತವೆ. ತಿರುವಿನಲ್ಲಿ ಎಡ ಬಲ ಬ್ರೇಕನ್ನು ಬೇರೆಬೇರೆಯಾಗಿ ಒತ್ತಿಯೇ ತಿರುಗಿಸಬೇಕು. ರಸ್ತೆಗೆ ಬಂದಾಗ ಎರಡೂ ಪೆಡಲನ್ನು ಮತ್ತೆ ಕೊಂಡಿ ಹಾಕಲು ಮರೆಯಬಾರದು.

ಇಷ್ಟಾದ ಮೇಲೂ ನನ್ನ ಕೆಲಸಕ್ಕೆ ಅಂಕ ಕೊಡುವವರು ನಾಟಿ ಹಾಕುವ ಹೆಂಗಸರು. ಒಂದು ವರ್ಷ ಅವಸರದಲ್ಲಿ ಒಂದೇ ಜಾಡಿನಲ್ಲಿ ನಾಲ್ಕು ಸಲ ಓಡಾಡಿದ್ದೆ. ತಂಡದ ಹಿರಿಯಮ್ಮ ಮೊಣಕಾಲವರೆಗೆ ಹೂತ ಕಾಲನ್ನು ಕಿತ್ತುಕೊಳ್ಳುತ್ತ, “ಏನಪ್ಪಾ, ಗದ್ದೆ ಕಲಸಿದ್ದೀಯೋ ಬಾವಿ ತೋಡಿದ್ದೀಯೋ?” ಎಂದು ಕೇಳಿದರು. ನಾಚಿಕೆಯಾಯಿತು. ಗಾಲಿ ಒಂದೇ ಕಡೆ ಸುತ್ತಿದರೆ ಆ ಗಟ್ಟಿ ಪದರವೇ ಒಡೆಯುತ್ತದೆ, ಮುಂದಿನ ವರ್ಷ ಅಲ್ಲಿ ಹೊಸ ಜೌಗು. ಜಾಡು ಬದಲಿಸುತ್ತ ಹೋಗುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆ.

ಕಟಾವಿನ ಹೊತ್ತಿಗೆ ಗದ್ದೆ ಆರದಿದ್ದರೆ ಪಟ್ಟಿಯ ಮೇಲೆ ಓಡುವ ಕೊಯ್ಲು ಯಂತ್ರವನ್ನು ಕರೆಸುತ್ತೇವೆ. ಅಷ್ಟು ದೊಡ್ಡ ಯಂತ್ರ ನನ್ನ ಗಾಡಿ ಹೂತ ಜಾಗದಲ್ಲೇ ಆರಾಮವಾಗಿ ತೇಲಿಕೊಂಡು ಹೋಗುವುದನ್ನು ಮೊದಲ ಸಲ ಕಂಡಾಗ ಹೊಟ್ಟೆ ಉರಿಯಿತು. ಉದ್ದನೆಯ ರಬ್ಬರ್ ಪಟ್ಟಿ ಭಾರವನ್ನೆಲ್ಲ ಹರಡಿಬಿಡುವುದರಿಂದ, ನಡೆಯುವ ಮನುಷ್ಯನ ಪಾದ ಒತ್ತುವಷ್ಟೂ ಅದು ನೆಲವನ್ನು ಒತ್ತುವುದಿಲ್ಲ. ಭಾವಮೈದುನ ಲಡಾಖಿನಿಂದ ಹೇಳಿದ್ದೂ ಅದನ್ನೇ. ಆದರೆ ಅದರ ಪಟ್ಟಿಗೆ ಡಾಂಬರು ಆಗದು, ಲಾರಿಯ ಮೇಲೇ ಬಂದು ಲಾರಿಯ ಮೇಲೇ ಹೋಗಬೇಕು. ನನ್ನಂಥವನ ಬಾಡಿಗೆ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಆ ವರ್ಷ ಕೇಜ್ ವೀಲ್ ಕೊಟ್ಟಿಗೆಯಲ್ಲೇ ತುಕ್ಕು ಹಿಡಿಯಿತು. ಒಣ ಹೊಲದ ಉಳುಮೆಗೆಂದು ಟೈರಿಗೆ ಮತ್ತೆ ನೀರು ತುಂಬಿಸಿದೆ, ಅದೇ ಪಂಕ್ಚರ್ ಅಂಗಡಿಯಲ್ಲಿ. ಅವರು ಮೀಸೆಯಡಿಯಲ್ಲೇ ನಕ್ಕರು. ಮರುವರ್ಷ ನಾಲೆಗೆ ನೀರು ಬಂದಾಗ ಬಸಿದೆ.

ಕೆಳಗಿನ ಮಡಿಯಲ್ಲಿ, ಹಾರೆ ‘ಪುಸ್’ ಎಂದ ಆ ಮೂಲೆಗೆ ಮಾತ್ರ ಈಗಲೂ ಗಾಡಿ ಇಳಿಸುವುದಿಲ್ಲ. ಸುಮಾರು ನಾಲ್ಕು ಗುಂಟೆ ಜಾಗ. ಪಕ್ಕದ ಹೊಲದ ಮಾವನ ಹತ್ತಿರ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಅವು ಬಂದು ಒಂದು ಬೆಳಗಿನಲ್ಲಿ ಕಲಸಿ, ಹಲಗೆ ಹೊಡೆದು ಹೋಗುತ್ತವೆ. ಕೂಲಿಯ ಜೊತೆಗೆ ಮಾವ ಪ್ರತಿಸಲವೂ ಬದುವಿನ ಮೇಲೆ ನಿಂತಿರುವ ನನ್ನ ಟ್ರ್ಯಾಕ್ಟರನ್ನು ಒಮ್ಮೆ ತಟ್ಟಿ, “ಇದಕ್ಕೆ ಇವತ್ತು ರಜೆಯೇ?” ಎಂದು ಕೇಳುತ್ತಾರೆ.