ಕಸಿ ಕಿಡ್ನಿ ಇರುವವರ ಕೈಯಲ್ಲಿ ಸಾಲುಗಂಟು

ನಾನು ಮಂಡ್ಯದಲ್ಲಿ ಚರ್ಮದ ಡಾಕ್ಟರ್. ಕಿಡ್ನಿ ಕಸಿ ಆಗಿದ್ದ ಒಬ್ಬ ರೈತರು ಬಂದಿದ್ದರು. ಬೆರಳ ಮೇಲೆ ಕೀವು ಸೋರುವ ಹುಣ್ಣು, ಅಲ್ಲಿಂದ ಮೊಣಕೈವರೆಗೆ ಸಾಲಾಗಿ ಗಂಟು. ಜ್ವರ ಇರಲಿಲ್ಲ. ಕಸಿ ಕಿಡ್ನಿ ಉಳಿಸಲು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಪ್ರೆಡ್ನಿಸೋಲೋನ್, ಟ್ಯಾಕ್ರೋಲಿಮಸ್ ಮಾತ್ರೆ ನುಂಗುವವರಿಗೆ ಜ್ವರ ಇಲ್ಲ ಅಂತ ನಾವು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಗಾಯ ಹೇಗಾಯಿತು ಅಂತ ಕೇಳಿದೆ. "ಅದೇನ್ ಬುಡಿ ಸಾ, ಕಬ್ಬಿನ ಗರಿ ಕುಯ್ದಿದ್ದು" ಅಂದರು.

ಸಾಲುಗಂಟು ಕಂಡರೆ ಮೊದಲು ನೆನಪಾಗುವುದು ಸ್ಪೋರೋಟ್ರೈಕೋಸಿಸ್ ಎಂಬ ಫಂಗಸ್ ಸೋಂಕು. ಸುಮ್ನೆ ಫಂಗಸ್ ಔಷಧಿ ಇಟ್ರಾಕೊನಜೋಲ್ ಬರೆದುಬಿಡಬಹುದು, ಅಲ್ವಾ? ಆದರೆ ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ, ಪೆಟ್ಟು ಬೀಳುವುದು ಕಸಿ ಕಿಡ್ನಿಗೆ. ಇಂಥದೇ ಗಂಟು ಮಣ್ಣಿನಲ್ಲಿರುವ ನೊಕಾರ್ಡಿಯಾ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಮೀನಿನ ತೊಟ್ಟಿಯಿಂದ ಅಂಟುವ ಮೈಕೋಬ್ಯಾಕ್ಟೀರಿಯಂ ಮರೈನಮ್‌ನಿಂದಲೂ ಬರುತ್ತದೆ. ಬರೀ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಹುಣ್ಣಿನ ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸುವುದಿಲ್ಲ. ಗಂಟಿನ ಆಳದಿಂದ ಚೂರು ತೆಗೆದು ಎರಡು ಮಾಡುತ್ತೇನೆ. ಒಂದು ಚೂರನ್ನು ಕೆಡದಂತೆ ಇಡುವ ಫಾರ್ಮಲಿನ್‌ಗೆ, ಬಯಾಪ್ಸಿಗಾಗಿ. ಇನ್ನೊಂದು ಸ್ಟೆರೈಲ್ ಸಲೈನ್‌ಗೆ, ಕಲ್ಚರ್‌ಗಾಗಿ, ಅಂದರೆ ಲ್ಯಾಬಿನ ಪ್ಲೇಟಿನಲ್ಲಿ ರೋಗಾಣು ಬೆಳೆಸಿ ನೋಡಲು. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ, ಆಮೇಲೆ ಏನೂ ಬೆಳೆಯುವುದಿಲ್ಲ. ಚೀಟಿಯಲ್ಲಿ "ಕಸಿ ರೋಗಿ, ನೊಕಾರ್ಡಿಯಾ ಅನುಮಾನ" ಅಂತ ಬರೆದು, ಲ್ಯಾಬಿಗೆ ಫೋನೂ ಮಾಡುತ್ತೇನೆ. ಯಾಕೆಂದರೆ ಮಾಮೂಲಿ ಪ್ಲೇಟನ್ನು ಎರಡು ದಿನಕ್ಕೆ ಎಸೆದುಬಿಡುತ್ತಾರೆ. ನೊಕಾರ್ಡಿಯಾ ಬೆಳೆಯಲು ಎರಡು ಮೂರು ವಾರ ಕಾಯಬೇಕಾಗಬಹುದು. ಮೈಕ್ರೋಸ್ಕೋಪಿನಲ್ಲಿ ಕಾಣಲು ಬಣ್ಣ ಹಾಕಿ, ಹೆಚ್ಚಿನ ಬಣ್ಣವನ್ನು ಆಸಿಡ್‌ನಲ್ಲಿ ತೊಳೆಯುವ ವಿಧಾನವೂ ಬೇರೆ. ಟಿಬಿಗೆ ಬಳಸುವ ಗಾಢ ಆಸಿಡ್ ಇದರ ಬಣ್ಣವನ್ನೂ ತೊಳೆದುಹಾಕಬಹುದು, 1% ಸಲ್ಫ್ಯೂರಿಕ್ ಆಸಿಡ್ ಸಾಕು. ಇವರ ಚೂರಿನಲ್ಲಿ ಕವಲೊಡೆದ ಸಣ್ಣ ಎಳೆಗಳು ಕಂಡವು. ಆಮೇಲೆ ಪ್ಲೇಟಿನಲ್ಲೂ ನೊಕಾರ್ಡಿಯಾ ಬೆಳೆಯಿತು.

ಇಷ್ಟಕ್ಕೇ ಚರ್ಮದ ಕಾಯಿಲೆ ಅಂತ ಮುಗಿಸುವಂತಿಲ್ಲ. ಇಂಥವರಲ್ಲಿ ನೊಕಾರ್ಡಿಯಾ ಶ್ವಾಸಕೋಶದಿಂದ ಚರ್ಮಕ್ಕೆ ಬಂದಿರಬಹುದು, ಮಿದುಳಿಗೂ ಹೋಗಿರಬಹುದು. ಎದೆಯ ಸಿಟಿ, ತಲೆಯ ಎಂಆರ್‌ಐ ಮಾಡಿಸಿದೆ. ಎರಡೂ ಸರಿಯಿದ್ದವು.

ಕಿಡ್ನಿ ಡಾಕ್ಟರ ಜೊತೆ ಮಾತಾಡಿ ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಶುರು ಮಾಡಿದೆವು. ಗಂಟು ಕರಗಿದರೂ ತಿಂಗಳುಗಟ್ಟಲೆ ನುಂಗಬೇಕು. ಈ ಮಾತ್ರೆ ರಕ್ತದಲ್ಲಿ ಪೊಟ್ಯಾಶಿಯಂ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಎರಡನ್ನೂ ಏರಿಸಬಹುದು, ಅದಕ್ಕೆ ಆಗಾಗ ರಕ್ತ ಪರೀಕ್ಷೆ. ಮಾತ್ರೆಗೆ ಅವರು ತಕರಾರು ಮಾಡಲಿಲ್ಲ. ಪೊಟ್ಯಾಶಿಯಂ ಜಾಸ್ತಿ ಇರುವ ಎಳನೀರು ಬೇಡ ಅಂದಾಗ ಮಾತ್ರ ಚೌಕಾಸಿಗೆ ಇಳಿದರು. ಮದ್ದೂರಿನ ಕಡೆಯವರಿಗೆ ಅದನ್ನು ಬಿಡಿಸುವುದು ಸುಲಭವೇ?