ಎಸ್‌ಎಸ್‌ಡಿ ವೇಗ ಇಳಿಸಿದೆ, ಕೆಲಸ ಬೇಗ ಮುಗಿಯಿತು

ಕಲಬುರಗಿಯ ಏಪ್ರಿಲ್ ಅಂದ್ರೆ ಹೊರಗೆ 42 ಡಿಗ್ರಿ. ನಮ್ಮ ಎಡಿಟಿಂಗ್ ರೂಮಿನಲ್ಲಿ ಎಸಿ ಇಲ್ಲ. ಮದುವೆ ಸೀಸನ್ನಿನಲ್ಲಿ ಒಂದೊಂದು ಕೆಲಸಕ್ಕೂ ಸುಮಾರು 500 ಜಿಬಿ ಫುಟೇಜ್ ಮಿನಿ ಪಿಸಿಯ ಒಂದು ಎನ್‌ವಿಎಂಇ ಡ್ರೈವಿನಿಂದ (ಬೋರ್ಡಿಗೇ ಸಿಕ್ಕಿಸುವ ವೇಗದ ಎಸ್‌ಎಸ್‌ಡಿ) ಇನ್ನೊಂದಕ್ಕೆ ಹೋಗಬೇಕು. ಮೊದಲು ಜೋರಾಗಿ ಓಡುತ್ತದೆ. ಡ್ರೈವಿನ ಬಿಸಿ 84 ಡಿಗ್ರಿ ಮುಟ್ಟಿದ ಕೂಡಲೇ ವೇಗ ಸೆಕೆಂಡಿಗೆ 300 ಎಂಬಿಗೆ ಬೀಳುತ್ತದೆ. ಸ್ವಲ್ಪ ಏಳುತ್ತದೆ, ಮತ್ತೆ ಬೀಳುತ್ತದೆ.

ಎಸ್‌ಎಲ್‌ಸಿ ಕ್ಯಾಶ್ (ಬರೆಯುವುದನ್ನು ಮೊದಲು ಬೇಗ ಹಿಡಿದಿಟ್ಟುಕೊಳ್ಳುವ ಡ್ರೈವಿನ ಜಾಗ) ತುಂಬಿರಬೇಕು ಅಂತ ಎಲ್ಲರೂ ಹೇಳಿದರು. ಕ್ಯಾಶ್ ಆಗಿದ್ದರೆ ಯಾವ ಹೊತ್ತಿನಲ್ಲಾದರೂ ಹೆಚ್ಚುಕಡಿಮೆ ಅದೇ ಜಿಬಿಗೆ ಬೀಳಬೇಕು, ಅಲ್ವಾ? ಅದೇ ಫೋಲ್ಡರನ್ನು ಬೆಳಗಿನ ಜಾವ ಕಾಪಿ ಮಾಡಿ ನೋಡಿದೆ. 200 ಜಿಬಿ ದಾಟಿದರೂ ಬೀಳಲಿಲ್ಲ. ಮಧ್ಯಾಹ್ನ 120 ಜಿಬಿಗೇ ಬಿತ್ತು. ಬಿಸಿಯದೇ ಕಾಟ, ತೀರಾ ಕಾದಾಗ ಡ್ರೈವ್ ತಾನೇ ವೇಗ ಇಳಿಸಿಕೊಳ್ಳುತ್ತಿದೆ ಅಂತ ಆಗ ಖಾತ್ರಿಯಾಯಿತು.

ದೊಡ್ಡ ಹೀಟ್‌ಸಿಂಕಿಗೆ 900 ರೂಪಾಯಿ ಹೋಯಿತು. ಗಾಳಿ ಆಡದ ಡಬ್ಬಿಯೊಳಗೆ ಅದು ವೇಗ ಬೀಳುವುದನ್ನು ಒಂದೆರಡು ನಿಮಿಷ ತಡಮಾಡಿತು, ಅಷ್ಟೇ. 350 ರೂಪಾಯಿಯ ಸಣ್ಣ ಫ್ಯಾನು ತಿಂಗಳಲ್ಲೇ ಧೂಳು ಕುಡಿದು ಕಿರುಗುಟ್ಟತೊಡಗಿತು. ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ) ಹಾಕಿ ಡ್ರೈವನ್ನು ಕೆಳಗಿನ ಅಲ್ಯೂಮಿನಿಯಂ ಮುಚ್ಚಳಕ್ಕೆ ತಾಗಿಸಿದ್ದು ಮಾತ್ರ ಉಪಯೋಗಕ್ಕೆ ಬಂತು. 1 ಎಂಎಂ ದಪ್ಪದ ಪ್ಯಾಡ್ ಮುಚ್ಚಳ ಮುಟ್ಟಲೇ ಇಲ್ಲ, 2 ಎಂಎಂ ಬೋರ್ಡನ್ನೇ ಬಗ್ಗಿಸಿತು, ಒಂದೂವರೆ ಸರಿಹೋಯಿತು. ಆರೇಳು ಡಿಗ್ರಿ ಇಳಿಯಿತು. ಎಲ್ಲಾ ಸೇರಿ ಎರಡು ಸಾವಿರದ ಹತ್ತಿರ ಖರ್ಚು.

ನಿಜವಾದ ಕೆಲಸ ಆಗಿದ್ದು ಪುಕ್ಕಟೆಯ ಉಪಾಯದಿಂದ. ಡ್ರೈವಿನ ಸ್ಥಿತಿ ತೋರಿಸುವ ಸ್ಮಾರ್ಟ್‌ಸಿಟಿಎಲ್ ಆದೇಶದ ಔಟ್‌ಪುಟ್‌ನಲ್ಲಿ ಪವರ್ ಸ್ಟೇಟ್‌ಗಳ (ಡ್ರೈವ್ ಎಷ್ಟು ವಿದ್ಯುತ್ ಎಳೆಯಬಹುದು ಎಂಬ ಹಂತಗಳ) ಪಟ್ಟಿ ಬರುತ್ತದಲ್ಲ, ನನ್ನ ಡ್ರೈವಿನಲ್ಲಿ 0ಕ್ಕೆ ಎಂಟು ಚಿಲ್ಲರೆ ವ್ಯಾಟ್, 1ಕ್ಕೆ ನಾಲ್ಕೂವರೆ, 2ಕ್ಕೆ ಮೂರು. ಲಿನಕ್ಸ್‌ನಲ್ಲಿ ಈ ಡ್ರೈವ್‌ಗಳ ಸೆಟ್ಟಿಂಗ್ ಬದಲಿಸುವ ಎನ್‌ವಿಎಂಇ-ಸಿಎಲ್‌ಐನಲ್ಲಿ ಫೀಚರ್ 2ಕ್ಕೆ (ಅಂದರೆ ಪವರ್ ಸ್ಟೇಟ್‌ಗೆ) ವ್ಯಾಲ್ಯೂ 1 ಕೊಟ್ಟೆ. ಪಕ್ಕದ ಸ್ಟುಡಿಯೋದ ಹುಡುಗ ನಕ್ಕ: "ಸ್ಪೀಡ್ ಕಮ್ಮಿ ಮಾಡಿದ್ರ ಕೆಲಸ ಲಗೂನ ಹ್ಯಾಂಗ ಆಗ್ತದ್ರಿ ಅಣ್ಣಾ?" ಆಯಿತು. ಶುರುವಿನ ಜೋರು ಹೋಯಿತು, ಆದರೆ ಸೆಕೆಂಡಿಗೆ 1 ಜಿಬಿ ಆಸುಪಾಸಿನಲ್ಲಿ ಕೊನೆತನಕ ನಿಂತಿತು. ಬಿಸಿ 74 ದಾಟಲಿಲ್ಲ. ಹದಿನೇಳು ಹದಿನೆಂಟು ನಿಮಿಷದ ಕಾಪಿ ಎಂಟಕ್ಕೆ ಬಂತು. ಈಗ ಆ ಹುಡುಗನೂ ಅದನ್ನೇ ಮಾಡುತ್ತಾನೆ!

ಇದೇ ಗುಂಗಿನಲ್ಲಿ ಖಾಲಿ ಕೂತಾಗಿನ ಬಿಸಿಗೂ ಕೈ ಹಾಕಿದೆ. ಕೆಲಸವಿಲ್ಲದಾಗ ಡ್ರೈವ್ ತಾನೇ ನಿದ್ದೆಗೆ ಇಳಿಯುವ ಎಪಿಎಸ್‌ಟಿಯನ್ನು ಪೂರ್ತಿ ನಡೆಯಲು ಬಿಟ್ಟರೆ ಐದಾರು ಡಿಗ್ರಿ ಇಳಿಯುತ್ತದೆ. ಆದರೆ ಒಂದು ಹಳೆಯ ಡ್ರೈವ್ ಗಾಢ ನಿದ್ದೆಗೆ ಹೋಗಿ ಎದ್ದೇಳದೆ ಸಿಸ್ಟಮ್ಮಿನಿಂದಲೇ ಮಾಯವಾಯಿತು. ಅದು ಅಷ್ಟು ಗಾಢ ನಿದ್ದೆಗೆ ಇಳಿಯದಂತೆ ಲೇಟೆನ್ಸಿ (ಎದ್ದೇಳಲು ಹಿಡಿಯುವ ಸಮಯ) ಮಿತಿ ಹಾಕಬೇಕಾಯಿತು. ಯುಎಸ್‌ಬಿ ಡಬ್ಬಿಗಳ ಕಥೆ ಬೇರೆ. ಅಲ್ಲಿ ಡ್ರೈವಿಗೂ ಯುಎಸ್‌ಬಿಗೂ ನಡುವಿನ ಬ್ರಿಡ್ಜ್ ಚಿಪ್ಪೇ ಕುದಿಯುತ್ತದೆ, ಹೆಚ್ಚಿನವು ಈ ಆದೇಶವನ್ನು ಡ್ರೈವಿಗೆ ದಾಟಿಸುವುದೂ ಇಲ್ಲ.

ರೀಬೂಟ್ ಆದರೆ ಸೆಟ್ಟಿಂಗ್ 0ಕ್ಕೆ ಮರಳುತ್ತದೆ, ಪ್ರತಿ ಸಲ ಶುರುವಾದಾಗ ತಾನೇ ಓಡುವಂತೆ ಲಿನಕ್ಸ್‌ನ ಸಿಸ್ಟಮ್‌ಡಿಗೆ ಹಾಕಿಟ್ಟುಕೊಳ್ಳಿ. 1ರಿಂದ 2ಕ್ಕೆ ಯಾವಾಗ ಇಳಿಸಬೇಕು ಅಂತ ನೋಡಿಕೊಳ್ಳುವ ಸಣ್ಣ ಸ್ಕ್ರಿಪ್ಟೂ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಸೀಸನ್ ಇನ್ನೂ ಮುಗಿದಿಲ್ಲ.